ಎರಡೇ ದಿನದಲ್ಲಿ ಅರಳು ಮರಳು ಬರುವುದಿಲ್ಲ

ಸೋಮವಾರ ಸಂತೆಗೆ ಹೋಗಿ ರೊಕ್ಕ ಎಣಿಸಿ ತಂದ ಮುತ್ಯಾ ಬುಧವಾರ ಮಗನನ್ನು ತಮ್ಮನೆಂದು ಕರೆಯುತ್ತಾರೆ, ನಡುರಾತ್ರಿ ಎದ್ದು ಎತ್ತು ಬಿಚ್ಚಲು ಹೊರಡುತ್ತಾರೆ. ಮನೆಯವರು ‘ವಯಸ್ಸಾತು, ಅರಳು ಮರಳು’ ಎಂದು ಸುಮ್ಮನಾಗುತ್ತಾರೆ. ಕೆಲವರು ಗಾಳಿ ಸೋಕಿತೆಂದು ಲಿಂಬೆಹಣ್ಣು ಇಳಿಸುತ್ತಾರೆ. ಅರಳು ಮರಳು ತಿಂಗಳು, ವರ್ಷಗಟ್ಟಲೆ ತೆವಳುತ್ತ ಬರುವಂಥದ್ದು. ಎರಡು ದಿನದಲ್ಲಿ ಬಂದದ್ದು ಸನ್ನಿ, ಡಾಕ್ಟರರ ಮಾತಿನಲ್ಲಿ ಡೆಲಿರಿಯಂ. ಮನಸ್ಸಿನ ಕಾಯಿಲೆಯಂತೆ ಕಂಡರೂ ಅದರ ಬೇರು ಮೈಯಲ್ಲಿರುತ್ತದೆ, ಅದೂ ಅವತ್ತೇ ಹುಡುಕಬೇಕಾದ ಬೇರು.

ಮೊದಲ ಪ್ರಶ್ನೆ ಮನೆಯವರಿಗೆ: ಹೋದ ವಾರಕ್ಕೂ ಇವತ್ತಿಗೂ ಫರಕು ಇದೆಯೇ? ಆಮೇಲೆ ರೋಗಿಗೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ: ಐತವಾರ, ಶನಿವಾರ, ಶುಕ್ರವಾರ... ಓದು ಬರಹ ಬಾರದವರೂ ಇದನ್ನು ಹೇಳಬಲ್ಲರು. ಸನ್ನಿಯಾದವರಿಗೆ ಎರಡು ಮೂರು ಹೆಸರಿನಲ್ಲೇ ಎಳೆ ತಪ್ಪುತ್ತದೆ, ಏಕೆಂದರೆ ಮುಖ್ಯವಾಗಿ ಕೆಡುವುದು ಲಕ್ಷ್ಯ. ಇನ್ನೊಂದು ಗುರುತು ಏರಿಳಿತ. ಮುಂಜಾನೆ ರೌಂಡಿಗೆ ಬಂದ ಡಾಕ್ಟರಿಗೆ ಸರಿಯಾಗಿ ಉತ್ತರ ಕೊಟ್ಟವರು ದೀಪ ಹಚ್ಚುವ ಹೊತ್ತಿಗೆ ಗೋಡೆ ಮೇಲೆ ಹುಳ ಹರಿಯುತ್ತಿವೆ ಎನ್ನುತ್ತಾರೆ. ಹೀಗಾಗಿ ರಾತ್ರಿ ಜೊತೆಗಿದ್ದವರ ಮಾತೇ ದೊಡ್ಡ ಸಾಕ್ಷಿ.

ಚೀರಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ನನಗೆ ಹೆಚ್ಚು ಅಂಜಿಕೆ ಸುಮ್ಮನೆ ಮಲಗಿದವರದು. ಕರೆದರೆ ಅರ್ಧ ಕಣ್ಣು ತೆರೆದು, ಬಾಯಿಗಿಟ್ಟ ತುತ್ತು ನುಂಗುವುದನ್ನೇ ಮರೆತು ಮತ್ತೆ ಮಂಪರಿಗೆ ಜಾರುವ ಆಯಿಯನ್ನು ‘ಪಾಪ, ದಣದಾಳ, ಮಲಗಲಿ’ ಎಂದು ಬಿಡುತ್ತಾರೆ. ಅದೂ ಸನ್ನಿಯೇ. ಆ ಸ್ಥಿತಿಯಲ್ಲಿ ಗಂಜಿ ಕುಡಿಸಿದರೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ರಕ್ತದ ಉಪ್ಪಿನಂಶವಾದ ಸೋಡಿಯಂ ಮೇಲೆ ಕಣ್ಣಿಡಬೇಕು. ಎಷ್ಟೋ ಬಿಪಿ ಗುಳಿಗೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಸೇರಿರುತ್ತದೆ; ಅವು ಮೂತ್ರದಲ್ಲಿ ಉಪ್ಪನ್ನು ಹೊರಹಾಕುತ್ತವೆ. ಊಟದಲ್ಲಿ ಉಪ್ಪು ಬಿಡಿಸಿರುತ್ತಾರೆ, ಬೆವರಿನಲ್ಲಿ ಇನ್ನಷ್ಟು ಹೋಗುತ್ತದೆ, ನೀರಡಿಕೆಗೆ ಬರೀ ನೀರು ಕುಡಿಯುತ್ತಾರೆ. ಲೀಟರ್ ರಕ್ತಕ್ಕೆ 135ರಿಂದ 145 ಮಿಲಿಮೋಲ್ ಇರಬೇಕಾದ ಸೋಡಿಯಂ 120ರ ಆಸುಪಾಸಿಗೆ ಇಳಿದರೆ ಮಿದುಳಿನ ಜೀವಕೋಶಗಳು ನೀರು ಹೀರಿ ಊದುತ್ತವೆ. ಮಾತು ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಫಿಟ್ಸ್ ಬರಬಹುದು. ಹಾಗೆಂದು ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ. ಆಸ್ಪತ್ರೆಯಲ್ಲೂ 24 ತಾಸಿನಲ್ಲಿ 8ರಿಂದ 10 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ಕಾಯುತ್ತಾರೆ. ಗಬಕ್ಕನೆ ಏರಿದರೆ ಮಿದುಳಿನ ನರತಂತುಗಳ ಹೊದಿಕೆ ಹಾಳಾಗಿ ಕೈಕಾಲಿನ ಶಕ್ತಿಯೇ ಹೋಗಬಹುದು. ‘ಎರಡು ಬಾಟ್ಲಿ ಸಲಾಯಿನ್ ಜಲ್ದಿ ಏರಸ್ರಿ’ ಎಂದು ಒತ್ತಾಯಿಸಬೇಡಿ ಎನ್ನುವುದು ಇದಕ್ಕೇ.

ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಇಳಿತ ಎಲ್ಲರೂ ನೆನೆಯುವ ಕಾರಣಗಳು. ಮೂತ್ರ ಕಟ್ಟಿರುವುದನ್ನು ಮಾತ್ರ ಮರೆಯುತ್ತಾರೆ. ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿ. ಉಬ್ಬಿದ್ದರೆ, ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿ ಮುಕ್ಕಾಲು ಲೀಟರ್ ತೆಗೆದ ಮೇಲೆ ಮನುಷ್ಯ ಶಾಂತವಾಗುವುದುಂಟು. ನೆಗಡಿಯ ಕ್ಲೋರ್‌ಫೆನಿರಮೈನ್, ನಿದ್ದೆಗೆ ಕೊಟ್ಟ ಅಮಿಟ್ರಿಪ್ಟಿಲಿನ್, ನಡುಕದ ಟ್ರೈಹೆಕ್ಸಿಫೆನಿಡಿಲ್ ಮೂತ್ರವನ್ನೂ ಕಟ್ಟಿಸುತ್ತವೆ, ತಲೆಯನ್ನೂ ಕೆಡಿಸುತ್ತವೆ. ಮೈಮೇಲೆ ಇವುಗಳ ಕೆಲಸ ದತ್ತೂರಿಯ ವಿಷದ ಜಾತಿಯದೇ. ಮನೆಯ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಅಂಗಡಿಯಿಂದ ತಾವಾಗಿ ತಂದವನ್ನೂ.

ದಿನಾ ಕುಡಿಯುವವರು ಕಾಲು ಮುರಿದು ದಾಖಲಾದರೆ ಕುಡಿತ ನಿಂತ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ನಡುಕ, ಬೆವರು, ಕಣ್ಣಮುಂದೆ ಹಾವು ಚೇಳು ಶುರುವಾಗಬಹುದು. ಕುಡಿತ ಮುಚ್ಚಿಟ್ಟರೆ ಜೀವಕ್ಕೇ ಅಪಾಯ. ಲೊರಾಜೆಪಾಮ್, ಡಯಾಜೆಪಾಮ್‌ನಂಥ ನಿದ್ದೆಯ ಔಷಧಗಳು ಉಳಿದ ಬಹುಪಾಲು ಸನ್ನಿಗಳನ್ನು ಹೆಚ್ಚಿಸುತ್ತವೆ, ಈ ಒಂದಕ್ಕೆ ಅವೇ ಚಿಕಿತ್ಸೆ. ಜೊತೆಗೆ ವಿಟಮಿನ್ ಬಿ1 ಇಂಜೆಕ್ಷನ್ ಬೇಕು, ಗ್ಲೂಕೋಸ್‌ಗಿಂತ ಮೊದಲೇ.

ಮೊದಲೇ ಮನೋರೋಗವಿದ್ದವರಿಗೆ ಆಗುವ ಅನ್ಯಾಯ ಇನ್ನೊಂದು. ಏನೇ ಆದರೂ ‘ಹಳೇ ಜಡ್ಡು’ ಎನ್ನುತ್ತಾರೆ. ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾದರೆ, ಬಿಸಿಲಲ್ಲಿ ನೀರು ಬತ್ತಿದರೆ, ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ನುಂಗಿದರೆ ಲೀಟರ್ ರಕ್ತಕ್ಕೆ 0.6ರಿಂದ 1.0 ಮಿಲಿಮೋಲ್ ಇರಬೇಕಾದ ಲಿಥಿಯಂ ಮಟ್ಟ 1.5 ದಾಟಿ ವಿಷವಾಗಬಹುದು. ಕೈ ದೊಡ್ಡದಾಗಿ ನಡುಗಿ, ಹೆಜ್ಜೆ ತಪ್ಪಿ, ಮಾತು ತೊದಲಿದರೆ ಮುಂದಿನ ಗುಳಿಗೆ ಕೊಡದೆ ಅವತ್ತೇ ಮಟ್ಟ ನೋಡಿಸಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೊಟ್ಟ ತಾರೀಖಿನವರೆಗೆ ಕಾಯಬೇಡಿ, ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ.

ವಾರ್ಡಿನಲ್ಲಿ ಮಾಡಬೇಕಾದದ್ದು ಸಣ್ಣ ಸಣ್ಣ ಕೆಲಸ: ಚಾಳೀಸು, ಕಿವಿಯ ಮಶಿನ್ ಹಾಕುವುದು, ಹಗಲು ಕಿಟಕಿ ಬೆಳಕು, ರಾತ್ರಿ ನಿದ್ದೆ, ಬೇಗ ಎಬ್ಬಿಸಿ ನಡೆಸುವುದು, ಬೇಡವಾದ ಕ್ಯಾಥೆಟರ್ ತೆಗೆಸುವುದು. ಅಮೆರಿಕದ ಯೇಲ್‌ನಲ್ಲಿ 70 ದಾಟಿದ 852 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಆರೈಕೆ ಸಿಗದವರಲ್ಲಿ ನೂರಕ್ಕೆ 15 ಮಂದಿಗೆ, ಸಿಕ್ಕವರಲ್ಲಿ ಸುಮಾರು 10 ಮಂದಿಗೆ ಸನ್ನಿ ಬಂತು. ಊರಿನಿಂದ ಟೆಂಪೊ ತುಂಬ ನೋಡಲು ಬರುವುದು ಪ್ರೀತಿಯಿಂದಲೇ, ಆದರೆ ಹತ್ತು ಮುಖ ಒಮ್ಮೆಗೇ ಬಂದರೆ ಗೊಂದಲ ಹೆಚ್ಚುತ್ತದೆ. ಗುರುತಿನ ಒಬ್ಬರು ಕೂತಿರಲಿ. ಕೈ ಕಟ್ಟಬೇಡಿ, ಬಿಡಿಸಿಕೊಳ್ಳುವ ಗುದ್ದಾಟದಲ್ಲೇ ಬೀಳುತ್ತಾರೆ. ಹುಳ ಇಲ್ಲವೆಂದು ವಾದ ಹೂಡದೆ, ‘ಯಪ್ಪಾ, ಇದು ದವಾಖಾನಿ, ನಾ ನಿಮ್ಮ ಸಣ್ಣ ಮಗ, ಇಲ್ಲೇ ಅದೀನಿ’ ಎಂದು ಮತ್ತೆ ಮತ್ತೆ ಹೇಳಿ.

ಕಾರಣ ಸರಿಹೋದ ಮೇಲೂ ತಲೆ ತಿಳಿಯಾಗಲು ವಾರಗಳು ಬೇಕಾಗಬಹುದು. ಆಡಿದ್ದು, ಬೈದದ್ದು ಅರೆಬರೆ ನೆನಪಿದ್ದು ಅನೇಕರು ನಾಚಿಕೊಂಡು ಮಾತೇ ಬಿಡುತ್ತಾರೆ. ಅವರ ಪಕ್ಕ ಕೂತು ನೀವಾಗಿಯೇ ಹೇಳಿ: ‘ಮುತ್ಯಾ, ನಿಮಗ ಹುಚ್ಚು ಹಿಡಿದಿರಲಿಲ್ಲ, ರಕ್ತದಾಗ ಉಪ್ಪು ಕಡಿಮಿ ಆಗಿತ್ತು.’