ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಮ್ಮೇಳನ: ಹೊರಡುವ ಮುನ್ನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಊರವರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಸಮ್ಮೇಳನಕ್ಕೆ ಹೊರಟಿದ್ದರೆ ಮೊದಲು ಕೇಳಿ ಬರೆದಿಟ್ಟುಕೊಳ್ಳಬೇಕಾದ್ದು ಸಭಾಂಗಣದ ಹೆಸರು. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಮೈಸೂರು ಸಂಸ್ಥಾನ ಕೊಟ್ಟ ಜಾಗವೇ 371 ಎಕರೆ. ತಪ್ಪು ಗೇಟಿನಲ್ಲಿ ಇಳಿದು, ಹೆಗಲಿಗೆ ಲ್ಯಾಪ್‌ಟಾಪು, ಕೈಯಲ್ಲಿ ಪೋಸ್ಟರ್ ಕೊಳವೆ ಹಿಡಿದು ನಡೆಯುತ್ತಾ ಹೋದರೆ ಬೆಳಗಿನ ಮೊದಲ ಉಪನ್ಯಾಸ ಕೈತಪ್ಪಿದಂತೆಯೇ. ಜೆ.ಎನ್. ಟಾಟಾ ಸಭಾಂಗಣಕ್ಕೆ ಸರ್ ಸಿ.ವಿ. ರಾಮನ್ ರಸ್ತೆಯಿಂದಲೇ ಹೋಗಬಹುದು, ಮುಖ್ಯ ದ್ವಾರ ಹೊಕ್ಕು ಸುತ್ತಬೇಕಿಲ್ಲ. ಸತೀಶ್ ಧವನ್ ಸಭಾಂಗಣ ಆವರಣದ ಒಳಗಿದೆ. ಫ್ಯಾಕಲ್ಟಿ ಹಾಲ್ ಇರುವುದು ಗೋಪುರವಿರುವ ಮುಖ್ಯ ಕಟ್ಟಡದಲ್ಲಿ. ಇನ್ನು ವಿಭಾಗದ ಸೆಮಿನಾರ್ ಹಾಲ್ ಎಂದಿದ್ದರೆ ವಿಭಾಗದ ಹೆಸರಿನ ಜೊತೆಗೆ ಯಾವ ಗೇಟು ಹತ್ತಿರ ಎಂದೂ ಸಂಘಟಕರನ್ನು ಕೇಳಿಬಿಡಿ.

ಆಟೋದವರಿಗೆ, ಬಸ್ ಕಂಡಕ್ಟರಿಗೆ "ಟಾಟಾ ಇನ್‌ಸ್ಟಿಟ್ಯೂಟ್" ಎನ್ನಿ, ತಕ್ಷಣ ತಿಳಿಯುತ್ತದೆ. ಬರೀ "ಸಿ.ವಿ. ರಾಮನ್" ಎಂದರೆ ಎಡವಟ್ಟು. ಸಿ.ವಿ. ರಾಮನ್ ನಗರ ಊರಿನ ಪೂರ್ವ ಭಾಗದಲ್ಲಿದೆ, ಅಲ್ಲಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ರಾಮನ್ ಸಂಶೋಧನಾ ಸಂಸ್ಥೆಯೇ ಬೇರೆ, ಅದು ಮೇಖ್ರಿ ವೃತ್ತದ ಬಳಿ. ಆಪ್‌ನಲ್ಲಿ ಟ್ಯಾಕ್ಸಿ ಹಿಡಿಯುವವರು ಸಂಸ್ಥೆಯ ಹೆಸರಿಗೆ ಬದಲು ಸಭಾಂಗಣದ ಹೆಸರನ್ನೇ ಹಾಕುವುದು ಒಳ್ಳೆಯದು.

ಹುಬ್ಬಳ್ಳಿ, ಶಿವಮೊಗ್ಗ ಕಡೆಯ ರೈಲಿನಲ್ಲಿ ಬರುವವರು, ಗಾಡಿ ನಿಲ್ಲುವುದಾದರೆ, ಯಶವಂತಪುರದಲ್ಲೇ ಇಳಿಯಬೇಕು. ಮೆಜೆಸ್ಟಿಕ್‌ವರೆಗೆ ಹೋದರೆ ಅಷ್ಟೇ ದೂರ ಹಿಂದಕ್ಕೆ ಬರಬೇಕಾಗುತ್ತದೆ. ಯಶವಂತಪುರ ನಿಲ್ದಾಣಕ್ಕೆ ಎರಡು ಕಡೆ ಬಾಗಿಲು: ಒಂದು ತುಮಕೂರು ರಸ್ತೆ, ಮೆಟ್ರೋ ಕಡೆಗೆ, ಇನ್ನೊಂದು ಮತ್ತಿಕೆರೆ ಕಡೆಗೆ. ಸಂಸ್ಥೆ ಇರುವುದು ಮತ್ತಿಕೆರೆ ಬದಿಯಲ್ಲಿ. ಮೆಟ್ರೋ ಹಸಿರು ಮಾರ್ಗದಲ್ಲಿ ಬಂದರೂ ಕೊನೆಯ ಒಂದೆರಡು ಕಿಲೋಮೀಟರಿಗೆ ಆಟೋ ಬೇಕೇ ಬೇಕು. ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ದೂರ. ಅಲ್ಲಿಂದ ಹೆಬ್ಬಾಳದ ಮೇಲೆ ಬರುವ ವಾಯುವಜ್ರ ಬಸ್ಸಿನಲ್ಲಿ ಮೇಖ್ರಿ ವೃತ್ತಕ್ಕೆ ಟಿಕೆಟ್ ತೆಗೆದು, ಇಳಿದು ಆಟೋ ಹಿಡಿದರೆ ಖರ್ಚು ಕಡಿಮೆ. ಬೆಳಗಿನ ಜಾವ ಮುಕ್ಕಾಲು ಗಂಟೆಯ ದಾರಿ ಸಂಜೆ ಹೊತ್ತು ಹೆಬ್ಬಾಳದ ದಟ್ಟಣೆಯಲ್ಲಿ ಒಂದೂವರೆ ಗಂಟೆಯಾದರೂ ಆಶ್ಚರ್ಯವಿಲ್ಲ. ವಾಪಸಾತಿ ವಿಮಾನವನ್ನು ಸಮಾರೋಪದ ಸಂಜೆಗೇ ಇಟ್ಟುಕೊಳ್ಳಬೇಡಿ.

ಹೆಚ್ಚು ಜನ ಪೇಚಿಗೆ ಸಿಕ್ಕುವುದು ಪೋಸ್ಟರಿನಲ್ಲಿ, ಅಂದರೆ ತಮ್ಮ ಸಂಶೋಧನೆಯನ್ನು ಬೋರ್ಡಿನ ಮೇಲೆ ತೋರಿಸುವ ದೊಡ್ಡ ಹಾಳೆಯಲ್ಲಿ. ಹಾಳೆಯ ಅಳತೆ ಎ-ಝೀರೋ ಎಂದಿದ್ದರೆ 84.1 × 118.9 ಸೆಂ.ಮೀ. ಉದ್ದುದ್ದವೋ ಅಡ್ಡಡ್ಡವೋ ಎಂಬುದನ್ನು ಸೂಚನೆಯಲ್ಲಿ ನೋಡಿಯೇ ವಿನ್ಯಾಸ ಶುರು ಮಾಡಿ. ಬೋರ್ಡಿನ ಅಗಲ ಒಂದು ಮೀಟರ್ ಇದ್ದರೆ ಅಡ್ಡ ಪೋಸ್ಟರಿನ ಅಂಚು ಪಕ್ಕದವರ ಬೋರ್ಡಿನ ಮೇಲೆ ಹೋಗಿ ಕೂರುತ್ತದೆ. ಬಟ್ಟೆಯ ಮೇಲೆ ಮುದ್ರಿಸಿದರೆ ಮಡಿಸಿ ಬ್ಯಾಗಿನಲ್ಲೇ ಇಡಬಹುದು, ಕೊಳವೆ ಹೊರುವ ಕಷ್ಟವಿಲ್ಲ. ಆದರೆ ಮೇಲಿನ ಎರಡು ಮೂಲೆಗಷ್ಟೇ ಪಿನ್ನು ಚುಚ್ಚಿದರೆ ಬಟ್ಟೆ ನಡುವೆ ಜೋತುಬಿದ್ದು ಗ್ರಾಫಿನ ಗೆರೆಗಳು ಬಾಗುತ್ತವೆ. ಮೇಲ್ಗಡೆ ನಾಲ್ಕು, ಬದಿಗೆ ಎರಡೆರಡು, ಕೆಳಗೆ ಎರಡು, ಹೀಗೆ ಹತ್ತು ಪಿನ್ನು ಬೇಕು. ನಿಮ್ಮ ಪಿನ್ನು ನೀವೇ ತನ್ನಿ, ಬೋರ್ಡು ಗಟ್ಟಿಯಿದ್ದರೆ ಎಂದು ಎರಡೂ ಬದಿ ಅಂಟುವ ಟೇಪೂ ಜೊತೆಗಿರಲಿ. ಪೋಸ್ಟರಿನಲ್ಲಿ ಕನ್ನಡ ಅಕ್ಷರಗಳಿದ್ದರೆ ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಸೇರಿಸಿ, ಇಲ್ಲವಾದರೆ ಮುದ್ರಕರ ಕಂಪ್ಯೂಟರಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಸಾಧ್ಯವಾದರೆ ಊರಿನಲ್ಲೇ ಮುದ್ರಿಸಿ ತನ್ನಿ, ಹಿಂದಿನ ರಾತ್ರಿಯ ಮುದ್ರಣದಲ್ಲಿ ತಪ್ಪು ತಿದ್ದಲು ಸಮಯವೇ ಇರುವುದಿಲ್ಲ.

ಉಪನ್ಯಾಸ ಕೊಡುವವರಿಗೆ 15 ನಿಮಿಷ ಎಂದಿದ್ದರೆ 12 ನಿಮಿಷ ಮಾತು, ಮೂರು ನಿಮಿಷ ಪ್ರಶ್ನೆ ಎಂದು ಸಿದ್ಧರಾಗಿ. ಸ್ಲೈಡುಗಳ ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಕಿಂಡಿ ಮಾತ್ರ ಇದ್ದರೆ ಎಚ್‌ಡಿಎಂಐ ಅಡಾಪ್ಟರ್ ಮರೆಯಬೇಡಿ. ವಿಡಿಯೋ ಇದ್ದರೆ ಚಹಾ ವಿರಾಮದಲ್ಲೇ ಒಮ್ಮೆ ಓಡಿಸಿ ನೋಡಿ.

ಸಂಘಟಕರು ಹಾಸ್ಟೆಲ್ ಕೋಣೆ ಕೊಟ್ಟಿದ್ದರೆ ಬೀಗ, ಟವೆಲ್, ಮಗ್ಗು, ತೆಳು ಹೊದಿಕೆ ಕಟ್ಟಿಕೊಳ್ಳಿ. ಡಿಸೆಂಬರ್–ಜನವರಿಯ ಬೆಳಗು ಚಳಿ, ಎಸಿ ಸಭಾಂಗಣದೊಳಗೆ ಇನ್ನೂ ಚಳಿ, ಸ್ವೆಟರ್ ಬೇಕು. ಗೇಟಿನಲ್ಲಿ ತೋರಿಸಲು ಗುರುತಿನ ಚೀಟಿ ಮತ್ತು ನೋಂದಣಿಯ ಇಮೇಲ್ ಮೊಬೈಲಿನಲ್ಲಿ ಕೈಗೆಟುಕುವಂತಿರಲಿ. ಊಟ ಸಮ್ಮೇಳನದಲ್ಲೇ ಆಗುತ್ತದೆ. ಆದರೆ ಒಂದು ಸಂಜೆಯನ್ನು ಮಲ್ಲೇಶ್ವರಕ್ಕೆ ಮೀಸಲಿಡಿ, ಮಾರ್ಗೋಸಾ ರಸ್ತೆಯ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆಗೆ ಕಾದು ನಿಂತರೂ ನಷ್ಟವಿಲ್ಲ.

ವಿದೇಶದಿಂದ ಸಹೋದ್ಯೋಗಿಗಳನ್ನು ಕರೆತರುವ ಕನ್ನಡಿಗರು ಗಮನಿಸಬೇಕಾದ್ದೊಂದಿದೆ: ಪ್ರವಾಸಿ ವೀಸಾ ಸಾಲದು, ಸಮ್ಮೇಳನದ ವೀಸಾ ಬೇಕು. ಅದಕ್ಕೆ ಆಹ್ವಾನ ಪತ್ರದ ಜೊತೆಗೆ ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಅನುಮತಿ ಪತ್ರಗಳನ್ನೂ ಕೇಳುತ್ತಾರೆ. ಇವನ್ನು ತರಿಸುವುದು ಸಂಘಟಕರ ಕೆಲಸ, ಮತ್ತು ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಪ್ರಬಂಧ ಒಪ್ಪಿಗೆಯಾದ ದಿನವೇ ಪತ್ರ ಬರೆಯಬೇಕು.

ಪ್ರಯಾಣ ವೆಚ್ಚ ವಾಪಸ್ ಪಡೆಯುವವರು ಬೋರ್ಡಿಂಗ್ ಪಾಸು, ನೋಂದಣಿ ಶುಲ್ಕದ ರಸೀದಿ, ಟ್ಯಾಕ್ಸಿ ಬಿಲ್ಲು ಎಲ್ಲವನ್ನೂ ಒಂದೇ ಲಕೋಟೆಯಲ್ಲಿಡಿ. ಹಾಜರಾತಿ ಪ್ರಮಾಣಪತ್ರವನ್ನು ಕೊನೆಯ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಕೇಳಿ ಪಡೆಯಿರಿ. ಊಟವಾದ ಮೇಲೆ ನೋಂದಣಿ ಮೇಜು ಎತ್ತಿಬಿಟ್ಟಿರುತ್ತಾರೆ.