ಆ ಒಂದು ಸೊನ್ನೆ

ಇವತ್ತು ಒಂದು ಹಳೆಯ ಸಿ ಕೋಡ್ ಓದುತ್ತಾ ಕೂತಿದ್ದೆ. ಎಕ್ಸೆಕ್‌ಎಲ್ ಅಂದರೆ ಇನ್ನೊಂದು ಪ್ರೋಗ್ರಾಂ ಓಡಿಸುವ ಫಂಕ್ಷನ್. ಅದಕ್ಕೆ ಕೊಡುವ ಪಟ್ಟಿ ಮುಗಿಯಿತು ಅಂತ ಹೇಳುವುದು ಕೊನೆಯ ಸೊನ್ನೆ. ಇಲ್ಲಿ ಆ ಕರೆಯ ಕೊನೆಗೆ ಬರೀ ಸೊನ್ನೆ ಇರಲಿಲ್ಲ. ಅದನ್ನು ಕ್ಯಾರೆಕ್ಟರ್ ಪಾಯಿಂಟರ್‌ಗೆ ಕಾಸ್ಟ್ ಮಾಡಿದ್ದರು, ಅಂದರೆ ಬರೀ ಸಂಖ್ಯೆಯಲ್ಲ, ಮೆಮೊರಿ ವಿಳಾಸ ಅಂತ ಗುರುತು ಹಾಕಿದ್ದರು.

ಸುಮ್ನೆ ಬರೆದದ್ದಲ್ಲ ಅದು.

286 ಚಿಪ್ಪಿನ ಪಿಸಿಗಳಲ್ಲಿ ಜೆನಿಕ್ಸ್ ಎಂಬ ಯುನಿಕ್ಸ್ ಓಡುತ್ತಿದ್ದ ಕಾಲ. ಮೆಮೊರಿಯ ಒಂದು ತುಂಡು, ಅಂದರೆ ಸೆಗ್ಮೆಂಟ್, ಹೆಚ್ಚೆಂದರೆ 64 ಕೆಬಿ. ಸ್ಮಾಲ್ ಮಾಡೆಲ್ಲಾ, ಲಾರ್ಜ್ ಮಾಡೆಲ್ಲಾ ಅಂತ ಕಂಪೈಲರ್‌ಗೆ ಮೊದಲೇ ಹೇಳಬೇಕಿತ್ತು. ಸ್ಮಾಲ್‌ನಲ್ಲಿ ಕೋಡಿಗೆ 64, ಡೇಟಾಗೆ 64, ಅಷ್ಟೇ. ಪಾಯಿಂಟರ್ 2 ಬೈಟ್, ಇಂಟ್ (ಪೂರ್ಣ ಸಂಖ್ಯೆ) ಕೂಡ 2 ಬೈಟ್. ಲಾರ್ಜ್‌ಗೆ ಹೋದರೆ ಪಾಯಿಂಟರ್ 4 ಬೈಟ್ ಆಗುತ್ತಿತ್ತು. ಇಂಟ್ ಮಾತ್ರ 2ರಲ್ಲೇ ಉಳಿಯುತ್ತಿತ್ತು.

ಅಲ್ಲಿ ಬರೀ 0 ಕೊಟ್ಟರೆ ಅದು ಇಂಟ್. ಫಂಕ್ಷನ್‌ಗೆ ಕೊಡುವ ಮೌಲ್ಯಗಳನ್ನು ಇಡುವ ಸ್ಟ್ಯಾಕಿಗೆ ಹೋಗುವುದು 2 ಬೈಟ್. ಆ ಕಡೆಯ ಫಂಕ್ಷನ್ ಓದುವುದು 4. ಉಳಿದ ಎರಡರಲ್ಲಿ ಏನಿರುತ್ತೋ! ಪಟ್ಟಿ ಮುಗಿಯಿತು ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ. ವ್ಯಾಕ್ಸ್ ಎಂಬ ಆಗಿನ ಇನ್ನೊಂದು ಕಂಪ್ಯೂಟರಿನಲ್ಲಿ ಇಂಟ್, ಪಾಯಿಂಟರ್ ಎರಡೂ 4 ಬೈಟ್ ಆಗಿದ್ದರಿಂದ ಅದೇ ತಪ್ಪು ಅಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಇದನ್ನು ಮೊದಲು ಹಿಡಿದವರು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರೋ ಅಂತ ಯೋಚಿಸುತ್ತಾ ಇದ್ದೇನೆ.

ನನ್ನ ಈಗಿನ ಲಿನಕ್ಸ್ ಯಂತ್ರದಲ್ಲಿ ಇಂಟ್ 4, ಪಾಯಿಂಟರ್ 8. ಅದೇ ಕಥೆ ಅಲ್ವಾ? ಆ ಕಾಸ್ಟ್ ಅಳಿಸೋಣ ಅಂತಿದ್ದೆ. ಹಾಗೇ ಬಿಟ್ಟೆ.