ಭಾನುವಾರದ ಚಿತ್ರ

ನಮ್ಮ ಕಾಲದಲ್ಲಿ ಕಾಲೇಜು ಚಾಪೆಲಿನ ಬಾಗಿಲ ಪಕ್ಕ ಒಂದು ಮರದ ಸ್ಟ್ಯಾಂಡ್ ಇರುತ್ತಿತ್ತು. ಶನಿವಾರ ಸಂಜೆ ಹಳೆಯ ಚಿತ್ರ ಇಳಿದು, ಮರುದಿನದ ಪೂಜೆಯಲ್ಲಿ ಓದುವ ಶುಭಸಂದೇಶಕ್ಕೆ (ಯೇಸುವಿನ ಬದುಕು, ಬೋಧನೆಯ ಭಾಗಕ್ಕೆ) ಹೊಂದುವ ಚಿತ್ರ ಏರುತ್ತಿತ್ತು. ಅದನ್ನು ಮತ್ತೆ ಶುರುಮಾಡಬೇಕೆಂದಿರುವ ಈಗಿನ ವಿದ್ಯಾರ್ಥಿಗಳಿಗಾಗಿ ಈ ನಾಲ್ಕು ಮಾತು.

ಎ3 ಅಳತೆ ಸಾಕು. ಕಾಗದ ಮಾತ್ರ ಹೊಳಪಿನದಾಗಬಾರದು. ಹೊಳಪಿದ್ದರೆ ಇಟಲಿಯ ಚಿತ್ರಕಾರ ಕ್ಯಾರವಾಜ್ಜೊನ ಚಿತ್ರಗಳ ಕಪ್ಪು ಹಿನ್ನೆಲೆಯಲ್ಲಿ ಟ್ಯೂಬ್‌ಲೈಟೇ ಮಿಂಚುತ್ತಿರುತ್ತದೆ.

ಹಬ್ಬದ ಹೆಸರನ್ನಷ್ಟೇ ನೋಡಿ ಚಿತ್ರ ಆರಿಸಿದರೆ ಎಡವುತ್ತೀರಿ. ಕಥೋಲಿಕ ಸಭೆಯಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ: 'ಎ' ವರ್ಷ ಹೆಚ್ಚಾಗಿ ಮತ್ತಾಯನ ಶುಭಸಂದೇಶ, 'ಬಿ' ಮಾರ್ಕನದು, 'ಸಿ' ಲೂಕನದು. ಇಸವಿ 3ರಿಂದ ಶೇಷವಿಲ್ಲದೆ ಭಾಗವಾದರೆ ಅದು 'ಸಿ'. ಆದರೆ ಆರಾಧನಾ ವರ್ಷ ಹುಟ್ಟುವುದು ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ. ಅಲ್ಲಿಂದಾಚೆಗೆ ಮುಂದಿನ ಇಸವಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪಾಸ್ಕ (ಈಸ್ಟರ್) ಕಾಲದ ಮೂರನೇ ಭಾನುವಾರವೆಂದರೆ ಕಣ್ಣುಮುಚ್ಚಿ, ಪುನರುತ್ಥಾನವಾದ ಯೇಸುವನ್ನು ಇಬ್ಬರು ಶಿಷ್ಯರು ಗುರುತಿಸಿದ ಎಮ್ಮಾವುಸಿನ ಊಟದ ಚಿತ್ರ ಇಡುವವರಿದ್ದಾರೆ. ಎಮ್ಮಾವುಸಿನ ದಾರಿಯ ಪ್ರಸಂಗ ಆ ದಿನ ಬರುವುದು 'ಎ' ವರ್ಷದಲ್ಲಿ ಮಾತ್ರ. 'ಸಿ' ವರ್ಷದಲ್ಲಿ ಅಂದು ಓದುವುದು ಸರೋವರದ ದಡದ ಮೀನಿನ ಪ್ರಸಂಗ.

ಪಾಸ್ಕ ಕಾಲದ ಎರಡನೇ ಭಾನುವಾರಕ್ಕೆ ಈ ತಾಪತ್ರಯವಿಲ್ಲ, ಮೂರೂ ವರ್ಷ, ಗಾಯ ಮುಟ್ಟದೆ ನಂಬೆನೆಂದ ಶಿಷ್ಯ ತೋಮನದೇ ಕಥೆ. ಕ್ಯಾರವಾಜ್ಜೊ ಸುಮಾರು 1601-02ರಲ್ಲಿ ಬರೆದ ಈ ಪ್ರಸಂಗದ ಚಿತ್ರ ಈಗ ಜರ್ಮನಿಯ ಪಾಟ್ಸ್‌ಡಾಮ್‌ನ ಸಾನ್‌ಸೂಸಿ ಅರಮನೆಯ ಚಿತ್ರಶಾಲೆಯಲ್ಲಿದೆ. ನಾಲ್ಕು ತಲೆಗಳು ಒತ್ತೊತ್ತಾಗಿ ಬಾಗಿವೆ, ಪ್ರಭಾವಳಿ ಇಲ್ಲ, ತೋಮನ ಭುಜದ ಹೊಲಿಗೆ ಬಿಚ್ಚಿದೆ. ಯೇಸು ಅವನ ಮಣಿಕಟ್ಟು ಹಿಡಿದು ಬೆರಳನ್ನು ತಾನೇ ಗಾಯದೊಳಕ್ಕೆ ನಡೆಸುತ್ತಾನೆ. ಈಗ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯ ತೆರೆಯಿರಿ: "ಬೆರಳಿಡು" ಎಂಬ ಕರೆ ಇದೆ, ತೋಮ ಇಟ್ಟನೆಂಬ ಮಾತಿಲ್ಲ. ಚಿಂತನೆ ಶುರುವಾಗಬೇಕಾದದ್ದು ಚಿತ್ರಕಾರ ಹೀಗೆ ವಚನ ಬಿಟ್ಟು ಹೆಜ್ಜೆಯಿಟ್ಟ ಕಡೆ. ವಚನಕ್ಕೂ ಚಿತ್ರಕ್ಕೂ ಪೂರಾ ತಾಳೆಯಾದರೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಡಚ್ ಚಿತ್ರಕಾರ ರೆಂಬ್ರಾಂಟನ 'ದುಂದುಗಾರ ಮಗ' ಚಿತ್ರವೂ ಹಾಗೆಯೇ. 'ಸಿ' ವರ್ಷದಲ್ಲಿ, ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದ ನಾಲ್ಕನೇ ಭಾನುವಾರಕ್ಕೆ ಅದು ಸರಿಹೊಂದುತ್ತದೆ. ಯೇಸು ಹೇಳಿದ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಆಸ್ತಿ ಕಳೆದು ಮರಳಿದ ಕಿರಿಮಗನನ್ನು ಅಪ್ಪ ತಬ್ಬುವಾಗ ಹಿರಿಮಗ ಹೊಲದಲ್ಲಿರುತ್ತಾನೆ; ಚಿತ್ರದಲ್ಲಿ ಬಲಬದಿಗೆ ನೆಟ್ಟಗೆ ನಿಂತು ನೋಡುತ್ತಿದ್ದಾನೆ. ಕಾರ್ಡುಗಳಿಗೆ ಅಚ್ಚುಹಾಕುವವರು ಅಪ್ಪ-ಮಗನನ್ನಷ್ಟೇ ಕತ್ತರಿಸಿಕೊಳ್ಳುವುದರಿಂದ ಅವನೇ ಮಾಯವಾಗುತ್ತಾನೆ, ಜೊತೆಗೆ ಆ ದಿನದ ಶುಭಸಂದೇಶದ ಕೊನೆಯ ಭಾಗವೂ. ಇಡೀ ಚಿತ್ರದ ಪ್ರತಿಯನ್ನೇ ಹುಡುಕಿ.

ತಪಸ್ಸುಕಾಲದ ಐದನೇ ಭಾನುವಾರದಿಂದ ಶಿಲುಬೆ, ಚಿತ್ರಗಳಿಗೆ ಬಟ್ಟೆ ಹೊದಿಸುವ ರೂಢಿಯಿದ್ದರೆ ಸ್ಟ್ಯಾಂಡಿಗೂ ಹೊದಿಸಿ. ಶಿಲುಬೆಯ ಮುಸುಕನ್ನು ಶುಭ ಶುಕ್ರವಾರದ ವಿಧಿಯಲ್ಲಿ ತೆಗೆಯುತ್ತಾರೆ, ಉಳಿದವುಗಳದ್ದು ಪಾಸ್ಕ ಜಾಗರಣೆಯವರೆಗೂ ಇರುತ್ತದೆ.

ಕಷ್ಟವಿರುವುದು ಹಸಿರು ವಸ್ತ್ರದ ಸಾಧಾರಣ ಕಾಲದಲ್ಲಿ. ಹಬ್ಬದ ಕಾಲಗಳನ್ನು ಬಿಟ್ಟು ಉಳಿದ 33 ಅಥವಾ 34 ವಾರ. ಬೋಧನೆಯ ಮಾತುಗಳಿಗೆಲ್ಲ ಒಳ್ಳೆಯ ಚಿತ್ರ ಸಿಗುವುದಿಲ್ಲ. ಸಿಕ್ಕವುಗಳಲ್ಲಿ ಫ್ಲಾಂಡರ್ಸ್‌ನ ಚಿತ್ರಕಾರ ಬ್ರೂಗೆಲ್ 1568ರಲ್ಲಿ ಬರೆದ, ಕುರುಡರಿಗೆ ಕುರುಡನೇ ದಾರಿ ತೋರುವ ಚಿತ್ರ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು: ಆರು ಜನ, ಮೊದಲಿನವನು ಆಗಲೇ ಹಳ್ಳಕ್ಕೆ ಬಿದ್ದಿದ್ದಾನೆ. ಅದಕ್ಕೊಪ್ಪುವ ವಾಚನ 'ಸಿ' ವರ್ಷದಲ್ಲಿ ಸಾಧಾರಣ ಕಾಲದ 8ನೇ ಭಾನುವಾರದ್ದು. ಪಾಸ್ಕ ಹಬ್ಬ ಬೇಗ ಬಿದ್ದರೆ ಆ ಭಾನುವಾರವೇ ಇರುವುದಿಲ್ಲ. 2016ರಲ್ಲಿ ಬರಲಿಲ್ಲ, 2025ರಲ್ಲಿ ಮಾರ್ಚ್ 2ರಂದು ಬಂತು. ಪ್ರಿಂಟಿಗೆ ಕೊಡುವ ಮೊದಲು ಕ್ಯಾಲೆಂಡರ್ ನೋಡಿ.